ಸೊಣ್ಣಪ್ಪನ ಕಾವಲು ಪಟ್ಟಿ

ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರ್ ನಿಂತುಹೋದರೆ ಎಲ್ಲರೂ ಮೊದಲು ಕರೆಯುವುದು ಸೊಣ್ಣಪ್ಪನನ್ನು. ಎರಡು ನಿಮಿಷದಲ್ಲಿ ಬಾರದಿದ್ದರೆ ಬೈಯುವುದೂ ಅವನನ್ನೇ. ಬಂದವನು ತಕ್ಷಣ ಕಂಪ್ಯೂಟರ್ ಮುಟ್ಟುತ್ತಾನೆಯೇ ಎಂದರೆ ಅದೂ ಇಲ್ಲ. ಕಂಕುಳಲ್ಲಿನ ಉದ್ದ ರಿಜಿಸ್ಟರ್ ಬಿಡಿಸಿ, ಜೇಬಿನ ಮೂರು ಪೆನ್ನುಗಳಲ್ಲಿ ಯಾವುದು ಬರೆಯುತ್ತದೆಂದು ಅಂಗೈ ಮೇಲೆ ಗೀಚಿ ನೋಡಿ, ತಾರೀಕು, ಗಂಟೆ, ಕರೆದವರ ಹೆಸರು, ತೊಂದರೆ ಏನು ಎಂಬುದನ್ನೆಲ್ಲ ಬರೆದುಕೊಳ್ಳುತ್ತಾನೆ. ಆಮೇಲೆ ಏನೋ ಒಂದು ಒತ್ತುತ್ತಾನೆ, ಸರಿಹೋಗುತ್ತದೆ. ಸರಿಹೋದದ್ದನ್ನೂ ಬರೆದು, ಓದಿ ಹೇಳಿ, ನಿಮ್ಮ ಸಹಿ ಹಾಕಿಸಿಕೊಂಡೇ ಹೊರಡುತ್ತಾನೆ.

ನಾನು ಅದೇ ಕಾರ್ಖಾನೆಯ ಕ್ವಾಲಿಟಿ ವಿಭಾಗದ ಶ್ಯಾಮಣ್ಣ. ವಾಲ್ವುಗಳನ್ನು ಅಳೆದು, ತಪ್ಪು ಕಂಡರೆ ಪಕ್ಕಕ್ಕೆ ಎತ್ತಿಡುವುದು ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಮೇಲೆ ಮನುಷ್ಯರನ್ನು ನೋಡುವಾಗಲೂ ಕಣ್ಣು ಮೊದಲು ಹೋಗುವುದು ತಪ್ಪಿನ ಕಡೆಗೇ. ಹಾಗಾಗಿ ಸೊಣ್ಣಪ್ಪನ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಚುಚ್ಚಿದಂತಿದ್ದರೆ ಅದನ್ನು ವೃತ್ತಿದೋಷ ಎಂದು ತಿಳಿಯಬೇಕು. ದಿನಾ ಮಧ್ಯಾಹ್ನ ಅವನ ಡಬ್ಬಿಯ ಹುರುಳಿಕಾಳು ಪಲ್ಯಕ್ಕೆ ಕೈ ಹಾಕುವವನೂ ನಾನೇ.

ಸೊಣ್ಣಪ್ಪ ಎಲ್ಲಿಂದಲೋ ಪೀಣ್ಯಕ್ಕೆ ಬಂದವನಲ್ಲ. ಪೀಣ್ಯವೇ ಅವನ ಊರಿಗೆ ಬಂತು. ಅವನ ಅಪ್ಪ ಆವಲಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಪೇಂಟ್ ಶಾಪ್ ಇದೆ. ಜಾಗ ಬಿಟ್ಟುಕೊಟ್ಟ ಮನೆಗೊಂದು ಕೆಲಸ ಎಂಬ ಲೆಕ್ಕದಲ್ಲಿ 1989ರಲ್ಲಿ ಇವನಿಗೆ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತು. ಪಿಯುಸಿ ಫೇಲಾಗಿದ್ದ, ಅಕ್ಷರ ಮಾತ್ರ ಮುತ್ತಿನಂತಿತ್ತು. ಹದಿನೆಂಟು ವರ್ಷ ಗೇಟಿನಲ್ಲಿ ಕೂತು ಲಾರಿ ನಂಬರು, ಬಂದವರ ಹೆಸರು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆದ.

ಗೇಟಿನಿಂದ ಅವನು ಸರ್ವರ್ ರೂಮಿಗೆ ಬಂದದ್ದು ಯಾವ ಪರೀಕ್ಷೆ ಬರೆದೂ ಅಲ್ಲ. 2004ರಲ್ಲಿ ಕಾರ್ಖಾನೆಗೆ ಲಿನಕ್ಸ್ ಸರ್ವರ್ ತಂದರು. ಅದನ್ನು ಕೂರಿಸಿದ ಇಂಜಿನಿಯರ್ ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದ. ಉಳಿದ ದಿನ ಏನಾದರೂ ಕೆಟ್ಟರೆ ಫೋನಿನಲ್ಲೇ ಹೇಳಬೇಕು. ಸರ್ವರ್ ರೂಮಿನ ಬೀಗದ ಕೈ ಗೇಟಿನ ಮೊಳೆಗೆ ನೇತುಹಾಕಿತ್ತು, ಹೊರಗಿನ ಫೋನೂ ಗೇಟಿಗೇ ಬರುತ್ತಿತ್ತು. ಹಾಗಾಗಿ ಇಂಜಿನಿಯರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ರೂಮು ತೆಗೆದು, ಒಂದೊಂದೇ ಅಕ್ಷರ ಒತ್ತುತ್ತಿದ್ದವನು ಸೊಣ್ಣಪ್ಪ. ಒತ್ತಿದ್ದನ್ನೆಲ್ಲ ಗೇಟ್ ರಿಜಿಸ್ಟರಿನಲ್ಲೇ ಬರೆದ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಬ್ಬಿಣದ ಲಾರಿ ಒಳಗೆ, ಒಂಬತ್ತು ಇಪ್ಪತ್ತೈದಕ್ಕೆ ಸರ್ವರ್ ರೀಬೂಟ್, ಒಂಬತ್ತು ನಲವತ್ತಕ್ಕೆ ಹಾಲಿನವನು ಹೊರಗೆ. ಮೂರು ವರ್ಷದ ಮೇಲೆ ಆ ಇಂಜಿನಿಯರ್ ಎಲೆಕ್ಟ್ರಾನಿಕ್ ಸಿಟಿಗೆ ಹಾರಿಹೋದಾಗ ನೋಡಿದರೆ, ನಮ್ಮ ಸರ್ವರಿನ ಇಡೀ ಜಾತಕ ಇದ್ದದ್ದು ಗೇಟಿನಲ್ಲಿ ಮಾತ್ರ. ರಿಜಿಸ್ಟರ್ ಸಮೇತ ಬರೆದವನನ್ನೂ ಒಳಗೆ ಕರೆದುಕೊಂಡರು.

ಒಳಗೆ ಬಂದ ಸೊಣ್ಣಪ್ಪನಿಗೆ ಒಂದು ಕಾಯಿಲೆ ಇತ್ತು. ಏನನ್ನೂ ಎಸೆಯಲು ಅವನ ಕೈ ಬರುವುದಿಲ್ಲ. ಲಗ್ಗೆರೆಯ ಅವನ ಮನೆಯ ಅಟ್ಟದ ಮೇಲೆ ಮೂರು ಮಿಕ್ಸಿ, ಎರಡು ಕುಕ್ಕರು, ಕೊಳವೆ ಇಲ್ಲದ ಒಂದು ಪಂಪ್ ಸ್ಟವ್ ಇವೆ. ಪ್ರತಿಯೊಂದರ ಮೇಲೂ ಕಾಗದ ಅಂಟಿಸಿ ‘ಹಳೇದು’ ಎಂದು ಬರೆದಿದ್ದಾನೆ. ಹಳೆಯದು ಎಂದು ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವನ ಹೆಂಡತಿ ಪಿಳ್ಳಮ್ಮ, “ಕೇಳ್ಬ್ಯಾಡಿ ಶ್ಯಾಮಣ್ಣ, ಇನ್ನೊಂದು ದಿನ ನನ್ನ ಬೆನ್ನಿಗೂ ಅಂಟಿಸ್ತಾರೆ” ಎಂದರು. ಸರ್ವರಿನಲ್ಲೂ ಅವನದು ಅದೇ ಪದ್ಧತಿ. ಯಾವ ಫೈಲು ತಿದ್ದುವ ಮೊದಲೂ ಅದರದೊಂದು ಪ್ರತಿ ತೆಗೆದು, ಹೆಸರಿನ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ‘ಹಳೇದು’ ಎಂದು ಬಾಲ ಹಚ್ಚಿ, ಪಕ್ಕದಲ್ಲೇ ಇಡುತ್ತಾನೆ.

ಇನ್ನು ಕತೆ ನಡೆದದ್ದು 2015ರಲ್ಲಿ. ನಮ್ಮ ವಾಲ್ವು ಕೊಳ್ಳುವ ಹೊರದೇಶದ ಗಿರಾಕಿಯೊಬ್ಬರು, ನಿಮ್ಮ ಕಂಪ್ಯೂಟರುಗಳಿಗೆ ಕಾವಲು ಸರಿಯಾಗಿದೆಯೇ ಎಂದು ಆಡಿಟ್ ಮಾಡಿಸುತ್ತೇವೆ ಎಂದರು. ಲಿನಕ್ಸಿನಲ್ಲಿ ಪ್ರತಿ ಪ್ರೋಗ್ರಾಮಿಗೂ ಒಂದು ಪ್ರೊಫೈಲ್ ಬರೆದಿಡಬಹುದಂತೆ. ಈ ಪ್ರೋಗ್ರಾಂ ಯಾವ ಯಾವ ಫೈಲು ತೆರೆಯಬಹುದು, ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿ ಅದು. ಮೊದಲು ಅದನ್ನು ಗೊಣಗುವ ಸ್ಥಿತಿಯಲ್ಲಿ ಇಡುತ್ತಾರೆ. ಆಗ ಪಟ್ಟಿಯಲ್ಲಿ ಇಲ್ಲದ ಫೈಲಿಗೆ ಕೈ ಹಾಕಿದರೂ ತಡೆಯದೆ, ಸುಮ್ಮನೆ ಬರೆದುಕೊಳ್ಳುತ್ತದೆ. ಪಟ್ಟಿ ಪೂರ್ತಿಯಾದ ಮೇಲೆ ತಡೆಯುವ ಸ್ಥಿತಿಗೆ ತರುತ್ತಾರೆ. ಆಗ ಹೆಸರಿಲ್ಲದವನಿಗೆ ಪ್ರವೇಶವಿಲ್ಲ. ಇದನ್ನು ಹೊಸ ಹುಡುಗರಿಗೆ ವಿವರಿಸಲು ಹೊರಗಿನಿಂದ ಬಂದವರೊಬ್ಬರು ಎರಡು ಗಂಟೆ ಚಿತ್ರ ತೋರಿಸಿದರು. ಕೊನೆಗೆ ಸೊಣ್ಣಪ್ಪ ಎದ್ದು, “ಗೇಟ್ ಪಾಸ್ ತಾನೇ ಸಾರ್? ಮೊದ್ಲು ವಾರ ಎಲ್ರನ್ನೂ ಬಿಟ್ಟು ಬರ್ಕೊಳ್ಳೋದು, ಆಮೇಲೆ ಪಾಸ್ ಇದ್ದೋರ್ನ ಮಾತ್ರ ಬಿಡೋದು” ಎಂದು ಕೂತ. ಉಳಿದವರಿಗೆ ಆಗ ಅರ್ಥವಾಯಿತು.

ಕಾವಲು ಹಾಕಬೇಕಾದದ್ದು ಲೇಬಲ್ ಪ್ರೋಗ್ರಾಮಿಗೆ. ಡಬ್ಬದ ಮೇಲೆ ಅಂಟಿಸುವ ಚೀಟಿ ಮುದ್ರಿಸುವುದು ಅದೇ. ಚೀಟಿ ಇಲ್ಲದೆ ಡಬ್ಬ ಗೇಟು ದಾಟುವಂತಿಲ್ಲ. ನಮ್ಮ ಸಿಸ್ಟಮ್ಸ್ ಮ್ಯಾನೇಜರ್ ಶಿವರಾಜ್ ಈ ಆಡಿಟ್ಟಿನ ಹೊಣೆ ಹೊತ್ತವರು. ದಾವಣಗೆರೆ ಕಡೆಯವರು, ಜಾಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ವಾಸ, ವಯಸ್ಸು ಮೂವತ್ತೈದರ ಆಸುಪಾಸು. ಸಿಟ್ಟು ಏರಿದಷ್ಟೂ ಅವರ ಮಾತಿನಲ್ಲಿ ಮರ್ಯಾದೆ ಏರುತ್ತದೆ. ಆಡಿಟ್ಟಿಗೆ ಎರಡು ವಾರ ಇರುವಾಗ ಅವರು ಸೊಣ್ಣಪ್ಪನನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

“ಸೊಣ್ಣಪ್ಪನವರೇ, ಆಡಿಟ್ ದಿನ, ಆ ಶನಿವಾರ, ತಡೆಯೋ ಸ್ಥಿತಿಯಲ್ಲಿ ಇಟ್ಟು ಲೇಬಲ್ ಬರಬೇಕು. ಬರದಿದ್ರೆ ಸರ್ವರ್ ನೋಡ್ಕೊಳ್ಳೋದನ್ನ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಗೆ ಕೊಟ್ಬಿಡ್ತೀನಿ. ಕಾಗದಪತ್ರ ಎಲ್ಲ ರೆಡಿ ಇದೆ. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ. ಗೇಟಿಗೆ ಹೆಡ್ ಮಾಡ್ತೀವಿ.”

ಗೇಟಿಗೆ ಹೆಡ್ ಮಾಡಿದರೂ ಗೇಟು ಗೇಟೇ. ಆ ಗೇಟಿನಲ್ಲಿ ಈಗ ನಿಲ್ಲುವ ಮೂವರಲ್ಲಿ ಇಬ್ಬರು ಸೊಣ್ಣಪ್ಪನ ನೆಂಟರು. ಲಗ್ಗೆರೆಯ ಅವನ ಬೀದಿಯಲ್ಲಿ ಅವನನ್ನು ಕಂಪ್ಯೂಟರ್ ಸೊಣ್ಣಪ್ಪ ಎಂದೇ ಕರೆಯುತ್ತಾರೆ. ಎಂಟು ವರ್ಷ ಒಳಗೆ ಕೂತವನು ಮತ್ತೆ ಹೊರಗೆ ಹೋಗಿ ಕೂತರೆ ಎಲ್ಲರೂ ಏನು ಮಾಡಿದೆಯಪ್ಪಾ ಎಂದು ಕೇಳಿಯೇ ಕೇಳುತ್ತಾರೆ. ಅವನು ಆ ದಿನ ಊಟದ ಡಬ್ಬಿ ಪೂರ್ತಿ ನನ್ನ ಕಡೆ ತಳ್ಳಿದ. ನಾನು ತಿಂದೆ, ನಿಜ ಹೇಳಬೇಕಲ್ಲ.

ಕೆಲಸ ಮಾತ್ರ ಕಷ್ಟದ್ದಾಗಿ ಕಾಣಲಿಲ್ಲ. ಪಟ್ಟಿ ಬರೆಯಲು ಒಂದು ಟೂಲ್ ಇದೆ. ಬೆಳಿಗ್ಗೆ ಅದನ್ನು ಓಡಿಸಿದರೆ, ನಿನ್ನೆ ಈ ಪ್ರೋಗ್ರಾಂ ಇಂಥ ಫೈಲಿಗೆ ಕೈ ಹಾಕಿತ್ತು, ಬಿಡಲೋ ಬೇಡವೋ ಎಂದು ಕೇಳುತ್ತದೆ. ಬಿಡು ಎಂದು ಒತ್ತಬೇಕು, ಉಳಿಸು ಎಂದು ಒತ್ತಬೇಕು, ಮುಗಿಯಿತು. ಸೊಣ್ಣಪ್ಪ ಸೋಮವಾರ ಒತ್ತಿದ. ಲೇಬಲ್ಲಿನ ಚಿತ್ರಗಳಿರುವ ಫೋಲ್ಡರಿಗೆ ಬಿಡು ಎಂದ. ಉಳಿಸಿದ್ದೇನೆ ಎಂದು ಟೂಲ್ ಹೇಳಿತು. ಮಂಗಳವಾರ ಬೆಳಿಗ್ಗೆ ಅದೇ ಫೋಲ್ಡರಿನ ಬಗ್ಗೆ ಅದೇ ಪ್ರಶ್ನೆ. ಮತ್ತೆ ಬಿಡು ಎಂದ. ಬುಧವಾರ ಮತ್ತೆ ಅದೇ. ತಡೆಯುವ ಸ್ಥಿತಿಗೆ ತಂದರೆ ಲೇಬಲ್ ನಿಂತೇ ಹೋಗುತ್ತಿತ್ತು.

“ನಮ್ಮ ದೊಡ್ಡತ್ತೆ ಇಂಗೇ ಕಣ ಶ್ಯಾಮಣ್ಣ. ಊಟ ಆಯ್ತಾ ಅಂತಾರೆ, ಆಯ್ತು ಅಂದ್ರೆ ಸರಿ ಅಂತಾರೆ, ಅಟ್ಟಿ ದಾಟೋದ್ರೊಳಗೆ ಮತ್ತೆ ಊಟ ಆಯ್ತಾ ಅಂತಾರೆ.”

ಮೊದಲು ಅವನು ಅನುಮಾನ ಪಟ್ಟದ್ದು ತನ್ನ ಬೆರಳಿನ ಮೇಲೇ. ಗುರುವಾರ ನನ್ನನ್ನು ಸಾಕ್ಷಿಗೆ ಕರೆದ. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತೆ. ಅವನು ಒತ್ತುವ ಮೊದಲು ಪ್ರತಿ ಅಕ್ಷರವನ್ನೂ ನನಗೆ ತೋರಿಸಿ ಒತ್ತಿದ, ಆಮೇಲೆ ರಿಜಿಸ್ಟರಿನಲ್ಲಿ ‘ಸಾಕ್ಷಿ: ಶ್ಯಾಮಣ್ಣ’ ಎಂದು ಬರೆದು ಸಹಿ ಹಾಕಿಸಿಕೊಂಡ. ಮದುವೆ ನೋಂದಣಿಯಲ್ಲೂ ನಾನು ಅಷ್ಟು ಗಂಭೀರವಾಗಿ ಸಹಿ ಹಾಕಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಟೂಲ್ ಅದೇ ಪ್ರಶ್ನೆ ಕೇಳಿತು.

ಆಗ ಅವನು ಪ್ರೊಫೈಲ್ ಫೈಲಿನ ತಾರೀಕು ನೋಡಿದ. ನಾಲ್ಕು ದಿನದಿಂದ ಉಳಿಸಿದೆ, ಉಳಿಸಿದೆ ಎಂದು ಟೂಲ್ ಹೇಳುತ್ತಿತ್ತಲ್ಲ, ಫೈಲು ಮಾತ್ರ ಹೋದ ತಿಂಗಳಿಂದ ಒಂದಕ್ಷರವೂ ಬದಲಾಗಿರಲಿಲ್ಲ.

“ಕೈಯಲ್ಲೇ ಒಂದು ಸಾಲು ಬರೆದು ಬಿಸಾಕು” ಎಂದೆ ನಾನು.

“ಆಡಿಟ್‌ನೋರು ಒಪ್ಪಲ್ಲ. ಟೂಲ್‌ನಲ್ಲೇ ತಿದ್ದಬೇಕು, ಯಾರು ಯಾವಾಗ ತಿದ್ದಿದ್ರು ಅಂತ ಗುರುತು ಇರಬೇಕು ಅಂತ ಬರ್ದವ್ರೆ. ಅದೂ ನ್ಯಾಯಾನೇ.” ಕುತ್ತಿಗೆಗೆ ಬಂದಿರುವಾಗಲೂ ರಿಜಿಸ್ಟರಿನ ಪರವಾಗಿ ಮಾತಾಡುವ ಮನುಷ್ಯ ಅವನೊಬ್ಬನೇ.

ಟೂಲಿನಲ್ಲೇ ತಪ್ಪಿದೆ ಎಂದು ತೀರ್ಮಾನವಾಯಿತು. ಅದನ್ನು ಬರೆದವರಿಗೆ ತಿಳಿಸಬಹುದು ಎಂದು ಸೊಣ್ಣಪ್ಪನಿಗೆ ಗೊತ್ತಿತ್ತು. ಅದನ್ನು ನೋಡಿಕೊಳ್ಳುವವನು ಹೊರದೇಶದ ಯಾವನೋ ಒಬ್ಬ, ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ. ಶನಿವಾರ ಇಬ್ಬರೂ ಕೂತು ಇಂಗ್ಲಿಷಿನಲ್ಲಿ ಕಾಗದ ಬರೆದೆವು. ಗೌರವಾನ್ವಿತ ಮಹನೀಯರೇ ಎಂದು ಶುರುಮಾಡಿ, ತಾವು ದಯವಿಟ್ಟು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ ಎಂದು ಮುಗಿಸಿದ. ಕರೆಂಟ್ ಆಫೀಸಿಗೆ ಅರ್ಜಿ ಬರೆದಂತಿದೆ ಎಂದೆ. ಕರೆಂಟ್ ಆಫೀಸಿನವರು ಬಂದು ಸರಿಮಾಡಿದ್ದರಲ್ಲ ಎಂದ. ಕೆಳಗೆ ನಮ್ಮ ಪ್ರೊಫೈಲ್ ಫೋಲ್ಡರಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನೂ ಸೇರಿಸಿದ. ಸೋಮವಾರ ಶಿವರಾಜ್ ಇದನ್ನು ಕೇಳಿ ಬಹಳ ಖುಷಿಪಟ್ಟರು. ಹೊರದೇಶದವರ ಸಾಫ್ಟ್‌ವೇರಿನಲ್ಲಿ ನಮ್ಮ ಕಾರ್ಖಾನೆ ತಪ್ಪು ಹುಡುಕಿದೆ ಎಂದು ಹೋಗಿ ಡೈರೆಕ್ಟರಿಗೂ ಹೇಳಿ ಬಂದರು.

ಮಂಗಳವಾರ ಉತ್ತರ ಬಂತು. ನಿಮ್ಮ ಪಟ್ಟಿಯಲ್ಲಿರುವ ಫೈಲುಗಳನ್ನೇ ಇಟ್ಟುಕೊಂಡು ಮೂರು ಬೇರೆ ಬೇರೆ ಕಂಪ್ಯೂಟರಿನಲ್ಲಿ ಮಾಡಿ ನೋಡಿದೆ, ಭಾನುವಾರ ಪೂರ್ತಿ ಅದರಲ್ಲೇ ಹೋಯಿತು, ನನಗೆ ಈ ತೊಂದರೆ ಕಾಣಲೇ ಇಲ್ಲ, ಬೇರೇನಾದರೂ ಇದೆಯೇ ಎಂದು ಆ ಮನುಷ್ಯ ಬರೆದಿದ್ದ. ಸಿಟ್ಟಿಲ್ಲದ ಕಾಗದ. ಸೊಣ್ಣಪ್ಪ ಅದನ್ನು ಮೂರು ಸಲ ಓದಿದ. ಅವನ ಮುಖದಲ್ಲಿ ಏನೋ ಕದಲಿದಂತಾಯಿತು. ಏಕೆಂದು ನನಗೆ ಆಗ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಪರದೆಯನ್ನೇ ನೋಡುತ್ತಿದ್ದ. ಆಡಿಟ್ಟಿಗೆ ಒಂದೇ ದಿನ ಉಳಿದಿತ್ತು.

“ಸಿಕ್ತು. ಬಿಡು ಅಂತ ದಿನಾ ಹೇಳಿದ ಸಾಲು ಎಲ್ಲಾದ್ರೂ ಬಿದ್ದಿರಬೇಕಲ್ಲ ಅಂತ ಇಡೀ ಸರ್ವರ್ ಹುಡುಕಿಸ್ದೆ. ಒಂದೇ ಒಂದು ಕಡೆ ಐತೆ.”

“ಎಲ್ಲಿ?”

ಅವನು ಬೆರಳಿಟ್ಟು ತೋರಿಸಿದ. ಅದೇ ಫೋಲ್ಡರಿನಲ್ಲಿ, ಅದೇ ಪ್ರೊಫೈಲ್, ಬಾಲದಲ್ಲಿ ‘ಹಳೇದು’.

ಅವನು ವಿವರಿಸಿದ್ದು ಇಷ್ಟು. ಟೂಲ್ ಆ ಫೋಲ್ಡರಿನಲ್ಲಿರುವುದನ್ನೆಲ್ಲ ಓದುತ್ತದೆ. ಹಳೆಯ ಪ್ರತಿಗಳಿಗೆ ಜನ ಹಚ್ಚುವ ಬಾಲಗಳು ಕೆಲವು ಅದಕ್ಕೆ ಗೊತ್ತು, ಅಂಥವನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಅದನ್ನು ಬರೆದವರು ಲಗ್ಗೆರೆಯ ಅಟ್ಟ ನೋಡಿದವರಲ್ಲ. ಹಳೇದು ಎಂಬ ಬಾಲ ಅದಕ್ಕೆ ತಿಳಿಯದೆ, ಅದನ್ನೂ ಚಾಲ್ತಿಯ ಪಟ್ಟಿ ಎಂದೇ ತೆಗೆದುಕೊಂಡಿತು. ಹೀಗೆ ಒಂದೇ ಪ್ರೋಗ್ರಾಮಿಗೆ ಎರಡು ಪಟ್ಟಿಯಾದವು. ಬೆಳಿಗ್ಗೆ ಪ್ರಶ್ನೆ ಕೇಳುವಾಗ ಹೊಸ ಪಟ್ಟಿ ನೋಡುತ್ತದೆ, ಉತ್ತರ ಬರೆಯುವಾಗ ಹಳೆಯದರಲ್ಲಿ ಬರೆಯುತ್ತದೆ. ಮಾರನೆಯ ದಿನ ಹೊಸದನ್ನು ತೆಗೆದು, ಇದರಲ್ಲಿ ಇಲ್ಲವಲ್ಲ ಎಂದು ಮತ್ತೆ ಕೇಳುತ್ತದೆ.

“ನೀನು ಆ ಮನುಷ್ಯನಿಗೆ ಫೋಲ್ಡರಿನ ಪಟ್ಟಿ ಕಳಿಸಿದ್ದೆಯಲ್ಲ. ಅದರಲ್ಲಿ ಇದು ಇತ್ತಲ್ಲ, ಅವನಿಗೇಕೆ ಕಾಣಲಿಲ್ಲ?” ಎಂದು ನಾನು ಕೇಳಿದೆ.

ಸೊಣ್ಣಪ್ಪ ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದ. “ಇರಲಿಲ್ಲ. ಹಳೇವು ಹನ್ನೊಂದು ಇದ್ವು. ಹೊರದೇಶದೋರು ನೋಡ್ತಾರೆ, ಇಂಗೆ ಕಸ ತುಂಬ್ಕೊಂಡವ್ನೆ ಅಂದ್ಕೊಂಡಾರು ಅಂತ ಕಾಗದದಲ್ಲಿ ಅಷ್ಟನ್ನೂ ಅಳಿಸಿ ಕಳಿಸ್ದೆ. ನೆಂಟರು ಬರೋವಾಗ ಮನೆ ಗುಡಿಸಲ್ವಾ, ಅಂಗೆ.”

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಗುಡಿಸುವುದೇ ಆದರೆ ಸರ್ವರಿನಲ್ಲಿ ಗುಡಿಸಬಾರದಿತ್ತೇ? ಅಲ್ಲಿ ಕಸವನ್ನು ಹಾಗೇ ಬಿಟ್ಟು, ಕಾಗದದಲ್ಲಿ ಮಾತ್ರ ಗುಡಿಸಿದ್ದಾನೆ. ಪಾಪ, ಆ ಹೊರದೇಶದವನು ಗುಡಿಸಿದ ಮನೆಯಲ್ಲಿ ಇಡೀ ಭಾನುವಾರ ಕಸ ಹುಡುಕಿದ್ದಾನೆ. ಸೊಣ್ಣಪ್ಪ ನಗಲಿಲ್ಲ.

ಅವನು ಹಳೇದುಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಿ, ಟೂಲ್ ಓಡಿಸಿ, ಬಿಡು ಎಂದ, ಉಳಿಸು ಎಂದ. ಫೈಲಿನ ತಾರೀಕು ಬದಲಾಯಿತು. ತಡೆಯುವ ಸ್ಥಿತಿಗೆ ತಂದು ಲೇಬಲ್ ಒತ್ತಿದ. ಲೇಬಲ್ ಬಂತು. ಬಿಸಿಯಾಗಿ, ನೆಟ್ಟಗೆ, ಒಂದರ ಹಿಂದೆ ಒಂದು ಬಂದವು. ನಾನು ಅವನ ಬೆನ್ನು ತಟ್ಟಿ ಬುದ್ಧಿ ಹೇಳಿದೆ.

“ಗೆದ್ದೆ ಕಣಯ್ಯ. ಈಗ ಬಾಯಿ ಮುಚ್ಕೊಂಡಿರು. ಏನು ಮಾಡಿದ್ರೋ ಗೊತ್ತಿಲ್ಲ, ತಾನಾಗೇ ಸರಿಹೋಯ್ತು ಅಂತ ಆ ಮನುಷ್ಯನಿಗೆ ಒಂದು ಸಾಲು ಬರೆದು ಹಾಕು. ಶಿವರಾಜ್‌ಗೆ ಖುಷಿ, ಡೈರೆಕ್ಟರ್‌ಗೆ ಖುಷಿ, ನೀನು ಒಳಗೇ ಇರ್ತೀಯ.”

“ಅವ್ರ ಭಾನುವಾರ ಹೋಯ್ತಲ್ಲ.”

“ಯಾರದೋ ಭಾನುವಾರಕ್ಕೆ ನೀನು ಗೇಟಿಗೆ ಹೋಗ್ತೀಯಾ?”

ಅವನು ಜೇಬಿನಿಂದ ಪೆನ್ನು ತೆಗೆದ. ರಿಜಿಸ್ಟರ್ ಬಿಡಿಸಿದ. ನನಗೆ ಈ ಮನುಷ್ಯನ ಸಹವಾಸವೇ ಸಾಕು ಅನ್ನಿಸಿತು. ಸಾಕ್ಷಿ ಸಹಿ ಹಾಕಿಸುತ್ತಾನೆಂದು ಹೆದರಿ, ಅಳತೆಯ ಗೇಜು ನೋಡಬೇಕು ಎಂದು ನೆಪ ಹೇಳಿ ಎದ್ದು ಬಂದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಶಿವರಾಜ್ ಸರ್ವರ್ ರೂಮಿನತ್ತ ಹೋಗುವುದು ಕಂಡಿತು. ನಾನೂ ಹಿಂದೆಯೇ ಹೋದೆ. ಸೊಣ್ಣಪ್ಪ ಆ ಹೊರದೇಶದವನಿಗೆ ಎಲ್ಲವನ್ನೂ ಬರೆದಿದ್ದ. ಹನ್ನೊಂದು ಹಳೇದುಗಳ ಹೆಸರು, ಅವನ್ನು ಪಟ್ಟಿಯಿಂದ ಅಳಿಸಿ ಕಳಿಸಿದ್ದು, ತಮ್ಮ ಭಾನುವಾರ ಹಾಳು ಮಾಡಿದ್ದಕ್ಕೆ ಕ್ಷಮೆ. ಅದರದೊಂದು ಪ್ರತಿ ಶಿವರಾಜ್‌ಗೂ ಹೋಗಿತ್ತು.

“ಸೊಣ್ಣಪ್ಪನವರೇ, ತಾವು ದಯವಿಟ್ಟು ನನಗೊಂದು ತಿಳಿಸಿಕೊಡಬೇಕು. ಈ ಕಾಗದದ ಪ್ರತಿ ನನಗೆ ಯಾಕೆ ಹಾಕಿದ್ರಿ?” ಎಂದರು ಶಿವರಾಜ್. ಅಷ್ಟು ಮರ್ಯಾದೆ ನಾನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ.

“ಪದ್ಧತಿ ಸಾರ್. ಹೊರಗೆ ಹೋಗೋ ಕಾಗದಕ್ಕೆ ಮೇಲಿನೋರಿಗೊಂದು ಪ್ರತಿ.”

“ನಮ್ಮ ಕಾರ್ಖಾನೆ ಹೊರದೇಶದವರ ತಪ್ಪು ಹಿಡಿದಿದೆ ಅಂತ ಡೈರೆಕ್ಟರ್‌ಗೆ ಹೇಳಿ ಕೂತಿದ್ದೀನಿ. ಈಗ ಹೋಗಿ ಏನಂತ ಹೇಳ್ಲಿ? ತಪ್ಪು ನಮ್ಮಲ್ಲೇ ಇತ್ತು, ಅದನ್ನ ನಾವೇ ಮುಚ್ಚಿಟ್ಟು ಅವರನ್ನ ಹುಡುಕೋಕೆ ಹಚ್ಚಿದ್ವಿ ಅಂತಾನಾ?”

“ಹೂಂ ಸಾರ್” ಎಂದ ಸೊಣ್ಣಪ್ಪ. ಅವನಿಗೆ ಪ್ರಶ್ನೆ ಕೇಳಿದರೆ ಉತ್ತರ ಕೊಟ್ಟೇ ಅಭ್ಯಾಸ.

ಶಿವರಾಜ್ ಕನ್ನಡಕ ತೆಗೆದು ಒರೆಸಿಕೊಂಡರು. “ಲೇಬಲ್ ಬರುತ್ತೆ, ಗೊತ್ತು. ನಾನು ಕೇಳಿದ್ದೂ ಅಷ್ಟೇ. ಆದ್ರೂ ಆ ಕಂಪನಿ ಕಾಗದ ನಾಳೆ ನನ್ನ ಕೈಯಲ್ಲಿ ಇರುತ್ತೆ. ನಾನು ಯೋಚನೆ ಮಾಡಬೇಕು” ಎಂದು ಹೇಳಿ ಹೋದರು. ನಾನು ಸೊಣ್ಣಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಬೇಗ ಮನೆಗೆ ಹೋಗಬೇಕು, ಪಿಳ್ಳಮ್ಮನ ಹತ್ತಿರ ಒಂದು ಮಾತು ಆಡುವುದಿದೆ ಎಂದು ನಾಲ್ಕೂವರೆಗೇ ಹೊರಟ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರದೇಶದಿಂದ ಉತ್ತರ ಬಂದಿತ್ತು. ಹಳೆಯ ಪ್ರತಿ ಬಿಟ್ಟದ್ದು ನಿಮ್ಮ ತಪ್ಪಿರಬಹುದು, ಆದರೆ ಒಂದೇ ಪ್ರೋಗ್ರಾಮಿಗೆ ಎರಡು ಪಟ್ಟಿ ಕಂಡಾಗ ನಿಂತು ಕೇಳದೆ, ಸುಮ್ಮನೆ ಒಂದರಲ್ಲಿ ಬರೆದು ಉಳಿಸಿದೆ ಎಂದದ್ದು ನಮ್ಮ ಟೂಲಿನ ತಪ್ಪು. ಅದನ್ನು ತಿದ್ದುತ್ತಿದ್ದೇನೆ, ನಿಮ್ಮ ಎರಡನೆಯ ಕಾಗದ ಬಾರದಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ ಎಂದು ಬರೆದಿದ್ದ. ಈ ಉತ್ತರದ ಪ್ರತಿ ಶಿವರಾಜ್‌ಗೂ ಹೋಗಿತ್ತು. ಅವರು ಅದನ್ನು ಓದಿದರೋ ಇಲ್ಲವೋ, ಓದಿದರೆ ಏನಂದುಕೊಂಡರೋ, ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಆಡಿಟ್ಟಿಗೆ ಬಂದವರು ಕಾವ್ಯಾ ಎಂಬ ಹೆಂಗಸು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಂತೆ. ಲೇಬಲ್ ಒತ್ತಿಸಿ ನೋಡಿದರು, ಬಂತು. ಪಟ್ಟಿಯಲ್ಲಿ ಇಲ್ಲದ ಫೈಲು ತೆರೆಸಿ ನೋಡಿದರು, ಬಿಡಲಿಲ್ಲ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮೇಜಿನ ಮೇಲಿದ್ದ ಉದ್ದ ರಿಜಿಸ್ಟರ್ ಅವರ ಕಣ್ಣಿಗೆ ಬಿತ್ತು. ಹಿಂದಿನ ದಿನದ ಪುಟ ತೆಗೆದು ಓದಿದರು.

“ಶುಕ್ರವಾರ, ಹನ್ನೊಂದು ನಲವತ್ತು. ಕಾರಣ ಸಿಕ್ಕಿತು. ಹಳೆಯ ಪಟ್ಟಿ ತೆಗೆಯದೆ ಬಿಟ್ಟದ್ದು. ಹೊರಗಿನವರಿಗೆ ಬರೆದಾಗ ಅದನ್ನು ಮುಚ್ಚಿಟ್ಟದ್ದು. ಎರಡೂ ತಪ್ಪು ನನ್ನವು. ಸೊಣ್ಣಪ್ಪ. ಸಾಕ್ಷಿ: ಶ್ಯಾಮಣ್ಣ.” ಅವರು ತಲೆ ಎತ್ತಿದರು. “ಶ್ಯಾಮಣ್ಣ ಯಾರು? ಸಹಿ ಹಾಕಿಲ್ವಲ್ಲ.”

ನಾನು ಎಲ್ಲರ ಎದುರು ಮುಂದೆ ಹೋಗಿ ಸಹಿ ಹಾಕಿದೆ. ನನಗೆ ನಾಚಿಕೆಯಾಯಿತು ಎಂದು ಹೇಳಿಕೊಳ್ಳಲು ಈಗ ಯಾವ ಸಂಕೋಚವೂ ಇಲ್ಲ.

ಕಾವ್ಯಾ ಸೊಣ್ಣಪ್ಪನ ಕಡೆ ತಿರುಗಿದರು. “ಇದನ್ನ ಬರೀದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ, ಗೊತ್ತಾ?”

“ಗೊತ್ತು ಮೇಡಂ.”

ಅವರು ಇನ್ನೇನೂ ಕೇಳದೆ ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡರು. ಆಮೇಲೆ ಶಿವರಾಜ್‌ರನ್ನು ನೋಡಿ, “ಮುಂದಿನ ವರ್ಷಕ್ಕೆ ಈ ಸರ್ವರ್ ಜವಾಬ್ದಾರಿ ಯಾರದು ಅಂತ ಹಾಕ್ಕೊಳ್ಳಲಿ?” ಎಂದರು.

ಶಿವರಾಜ್ ಕೈಯಲ್ಲಿ ಫೈಲು ಇತ್ತು. ವೈಟ್‌ಫೀಲ್ಡ್ ಕಂಪನಿಯ ಕಾಗದದ ತುದಿ ಹೊರಗೆ ಕಾಣುತ್ತಿತ್ತು. ಅವರು ಫೈಲು ತೆರೆದರು, ಆ ಕಾಗದ ನೋಡಿದರು, ಮತ್ತೆ ಮುಚ್ಚಿದರು. ಸೊಣ್ಣಪ್ಪ ಸರ್ವರಿನ ಕಬ್ಬಿಣದ ಕಪಾಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

“ಸೊಣ್ಣಪ್ಪ. ಬರ್ಕೊಳ್ಳಿ ಮೇಡಂ” ಎಂದರು ಶಿವರಾಜ್.

ಕಾವ್ಯಾ ಬರೆದುಕೊಂಡರು. ಎಲ್ಲರೂ ಪೇಂಟ್ ಶಾಪಿನ ಕಡೆ ನಡೆದರು. ಸ್ವಲ್ಪ ಹೊತ್ತಿನ ಮೇಲೆ ಚಹಾಕ್ಕೆಂದು ನಾನು ಅವನನ್ನು ಹುಡುಕಿಕೊಂಡು ಹೋದೆ. ಕ್ಯಾಂಟೀನಿನ ಹಿಂಬದಿ, ಗೋಡೆಗೆ ಮುಖ ಮಾಡಿ ನಿಂತು ಅವನು ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

“ಪಿಳ್ಳಮ್ಮಾ, ನಾನೇ. ನಿನ್ನೆ ಸಾಯಂಕಾಲ ನನ್ನ ಗೇಟಿನ ಖಾಕಿ ಪ್ಯಾಂಟು ಸೊಂಟ ಬಿಡಿಸಕ್ಕೆ ಕೊಟ್ಟು ಬಂದ್ವಲ್ಲ, ದರ್ಜಿ ಹತ್ರ... ಹೂಂ, ಅದೇ. ವಾಪಸ್ ಇಸ್ಕೊಂಡ್ಬಿಡು... ಇಲ್ಲ, ಬ್ಯಾಡ್ವಂತೆ... ಬ್ಯಾಡ ಅಂದ್ರು ಕಣೇ. ಒಳಗೇ ಇರು ಅಂದ್ರು.”

ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಂಡ. ಆ ಕಾಗದ ಕಳಿಸಿದರೆ ಗೇಟಿಗೆ ಹೋಗಬೇಕಾಗುತ್ತದೆಂದು ಅವನಿಗೆ ಖಾತ್ರಿ ಇತ್ತು. ಗೊತ್ತಿದ್ದೇ ಕಳಿಸಿ, ಮನೆಗೆ ಹೋಗಿ, ಹೆಂಡತಿಯನ್ನು ಕರೆದುಕೊಂಡು ದರ್ಜಿಯ ಅಂಗಡಿಗೆ ನಡೆದಿದ್ದ. ನಾನು ಸದ್ದು ಮಾಡದೆ ಹಿಂದಕ್ಕೆ ಬಂದು, ಇಬ್ಬರ ಚಹಾವನ್ನೂ ಮುಚ್ಚಿಟ್ಟು ಕಾಯುತ್ತ ಕೂತೆ.